ಹದಿನಾಲ್ಕನೇ ಕೊಠಡಿಯ ಕಾವು

ಪಿಂಗ್‌ಪಾಂಗ್ ಚೆಂಡಿಗೆ ಕಪ್ಪು ಬಣ್ಣ ಬಳಿದು
ಒಳಗೊಂದು ಉಷ್ಣಮಾಪಕ ತೂರಿಸಿ
ಡೆಸ್ಕಿನೆತ್ತರಕ್ಕೆ ತೂಗುಹಾಕಿದ್ದೇನೆ.
ಗೋಡೆ ಎಷ್ಟು ಕಾದಿದೆಯೆಂದು ಇದು ಹೇಳುತ್ತದೆ
ಗೋಡೆಯನ್ನು ಮುಟ್ಟದೆ.
ಹಿಂದಿನ ಬೆಂಚಿನ ಹುಡುಗ ಕೇಳಿದ:
'ದೃಷ್ಟಿಗಾ ಮೇಡಂ?'

ಸಾದರಹಳ್ಳಿ ಕಲ್ಲು, ಮೊಳ ದಪ್ಪದ ಗೋಡೆ,
ಮೇಲೆ ಮದ್ರಾಸ್ ತಾರಸಿ,
ಸೂರಿಗೆ ಅಂಟಿದಂತೆ ಹನ್ನೆರಡು ಗವಾಕ್ಷಿ,
ಹಗ್ಗ ಎಳೆದರೆ ತೆರೆಯುವಂಥವು.
ಫ್ಯಾನು ನಾಲ್ಕು. ರೆಗ್ಯುಲೇಟರ್ ಒಂದೂ ತಿರುಗುವುದಿಲ್ಲ,
ಐದರಲ್ಲೇ ಕೂತಿವೆ.

ಪ್ರಶ್ನಾವಳಿಯಲ್ಲಿ ಏಳು ಚೌಕ:
ಬಲು ಚಳಿ, ಚಳಿ, ತುಸು ತಂಪು,
ನಡುವೆ ಒಂದು,
ತುಸು ಬೆಚ್ಚಗೆ, ಸೆಕೆ, ಬಲು ಸೆಕೆ.
ನಡುವಿನದಕ್ಕೆ ಹೆಸರಿಡಲು ಮೂರು ವಾರ ಹಿಡಿಯಿತು.
'ತಟಸ್ಥ' ರಾಜಕೀಯ. 'ಸಮ' ಗಣಿತ.
ಕ್ಯಾಂಟೀನಿನ ನಾಗಪ್ಪಯ್ಯ ಕಾವಲಿಗೆ ನೀರು ಚಿಮುಕಿಸಿ
ಚುಂಯ್ ಎನ್ನುವುದನ್ನು ಆಲಿಸಿ
ತನಗೆ ತಾನೇ ಹೇಳಿಕೊಳ್ಳುವ 'ಹದ'ವನ್ನು
ಕೊನೆಗೆ ಎತ್ತಿಕೊಂಡೆ.
ಗೈಡ್ ಇಂದುಶೇಖರ್ ಸರ್ ಅದನ್ನು ಕೆಂಪಲ್ಲಿ ಸುತ್ತಿ
ಅಂಚಿನಲ್ಲಿ ಬರೆದರು: 'ಅಳೆಯಲಾದೀತೇ?'

ಉಡುಪಿಗೂ ಅಂಕಿಯಿದೆ.
ಅರ್ಧ ತೋಳಿನ ಅಂಗಿ, ಪ್ಯಾಂಟು: ಅರೆ.
ಸೀರೆಗೆ ನನ್ನ ಪಟ್ಟಿಯಲ್ಲಿ ಒಂದೇ ಅಂಕಿ;
ಸೆರಗು ಹೊದ್ದಿದೆಯೋ, ಸೊಂಟಕ್ಕೆ ಸಿಕ್ಕಿಸಿದೆಯೋ
ಅದು ಕೇಳುವುದಿಲ್ಲ.
ಸಸ್ಯಶಾಸ್ತ್ರದ ಲಲಿತಾಂಬ ಮೇಡಂ
ಏಳು ಚೌಕವನ್ನೂ ಖಾಲಿ ಬಿಟ್ಟು ಕೆಳಗೆ ಬರೆದರು:
'ಈ ವಯಸ್ಸಿನಲ್ಲಿ ಸೆಕೆ ಕೋಣೆಯದಲ್ಲಮ್ಮ.'
'ಮುಂಚೆ ಬೆಂಗಳೂರಲ್ಲಿ ಫ್ಯಾನೇ ಇರಲಿಲ್ಲ'
ಎನ್ನುವುದಕ್ಕೂ ಒಂದು ಚೌಕ ಬೇಕಿತ್ತು.
ಮುಂಚೆಯನ್ನು ಕಾಣದ ಹುಡುಗರೂ
ಗುರುತು ಹಾಕುತ್ತಿದ್ದರು.

ಏಪ್ರಿಲ್ ಹದಿನೇಳರವರೆಗೆ, ಮಧ್ಯಾಹ್ನ ಮೂರಕ್ಕೆ,
ಹದಿನಾಲ್ಕನೇ ಕೊಠಡಿ ಹೊರಗಿಗಿಂತ
ಐದು ಡಿಗ್ರಿ ತಣ್ಣಗೆ.
ಹದಿನೆಂಟರಿಂದ ಮೂರೇ.
ಅದೇ ಬಿಸಿಲು, ಅದೇ ಜನ.
ಬ್ಯಾಟರಿ ಬದಲಿಸಿದೆ. ಚೆಂಡು ಬದಲಿಸಿದೆ.
ನನ್ನ ಕೂಡುವ ಲೆಕ್ಕವನ್ನೇ ಸಂಶಯಪಟ್ಟೆ.
ಮುಂದಿನ ವಾರವೂ ಮೂರೇ.

ಕಾರಣ ಹೇಳಿದ್ದು ಗೇಟಿನ ವಾಚ್‌ಮನ್:
'ಗಂಗಹನುಮಕ್ಕ ಇಲ್ವಲ್ಲ ಮೇಡಂ. ಏಜೆನ್ಸಿ ಬದಲಾಯ್ತು.'
ಹನ್ನೊಂದು ವರ್ಷ ಅವಳು
ಸಂಜೆ ಹೊರಡುವ ಮುನ್ನ ಹನ್ನೆರಡೂ ಹಗ್ಗ ಎಳೆದು ತೆರೆದು
ಬೆಳಿಗ್ಗೆ ಗುಡಿಸಿ ಮುಚ್ಚುತ್ತಿದ್ದಳಂತೆ.
ರಾತ್ರಿಯ ಗಾಳಿ ಕಲ್ಲಿನೊಳಗೆ ಇಳಿದು
ಮಧ್ಯಾಹ್ನದ ತನಕ ಅಲ್ಲೇ ಕೂತಿರುತ್ತಿತ್ತು.

ಹುಡುಕಿದರೆ ಸಿಕ್ಕಿದ್ದು ಹೊಸ ಗಾಜಿನ ಬ್ಲಾಕಿನಲ್ಲಿ,
ತೆರೆಯಲಾರದ ಕಿಟಕಿಗಳನ್ನು ಒರೆಸುತ್ತ.
ತಂಪಿಗಾಗಿ ಹಾಗೆ ಮಾಡ್ತಿದ್ರಾ ಎಂದೆ,
ಪುಸ್ತಕ ತೆರೆದಿಟ್ಟುಕೊಂಡು.
'ತಂಪೇನು ಬಂತು? ಹುಡುಗ್ರ ಶೂ ನಾತ ಕಣವ್ವ.
ಬೆಳಿಗ್ಗೆ ಮುಚ್ಚದಿದ್ರೆ ಪಾರಿವಾಳ ನುಗ್ತವೆ.'

ನಮೂನೆಯಲ್ಲಿ ವಿದ್ಯಾರ್ಥಿ, ಬೋಧಕ, ಬೋಧಕೇತರ;
ಏಜೆನ್ಸಿ ಇಲ್ಲ. ಆದರೂ ಒಂದು ಹಾಳೆ ಕೊಟ್ಟೆ.
ಏಳು ಚೌಕವನ್ನೂ ಓದಿಸಿಕೊಂಡು ಕೇಳಿದಳು:
'ಯಾವಾಗಿಂದು ಬರೀಲಿ? ಗುಡಿಸೋವಾಗಿಂದೋ, ಕೂತಾಗಿಂದೋ?'
ನನ್ನ ಮೂರನೇ ಅಧ್ಯಾಯ ನಲವತ್ತು ಪುಟ,
ಇದೇ ಪ್ರಶ್ನೆ.

'ಆ ಹದಿನೇಳು ದಿನ ಕೈಬಿಡು' ಅಂದರು ಸರ್.
ಸಂಶೋಧಕಿ ಕೈಯಾಡಿಸಬಾರದೆಂಬ ನಿಯಮವೂ ಇದೆ.
ಅಂದು ಸಂಜೆ ಆರಕ್ಕೆ ಹಗ್ಗ ಎಳೆದೆ.
ಹನ್ನೊಂದು ತೆರೆದವು, ಒಂದು ಕಚ್ಚಿಕೊಂಡಿತು,
ಅಂಗೈ ಸುಲಿಯಿತು.

ಬೆಳಿಗ್ಗೆ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತು
ನಾನು ತಲುಪಿದಾಗ ಒಂಬತ್ತೂವರೆ.
ಎರಡನೇ ಫ್ಯಾನಿನ ರೆಕ್ಕೆ ಮೇಲೆ ಪಾರಿವಾಳ.
ಅದು ಇಳಿಯುವ ತನಕ ಸ್ವಿಚ್ ಹಾಕುವಂತಿಲ್ಲ.
ಮೂರು ಗಂಟೆಗೂ ಇಳಿಯಲಿಲ್ಲ.
ಫ್ಯಾನಿಲ್ಲದ ಕೊಠಡಿಯಲ್ಲಿ ಅರವತ್ತೊಂದು ಮಂದಿ
ಕತ್ತೆತ್ತಿ, ಬೆವರುತ್ತ, ನಗುತ್ತ,
ಒಬ್ಬರ ಹಾಳೆ ಒಬ್ಬರು ನೋಡಿಕೊಂಡು,
ನಡುವಿನ ಚೌಕಕ್ಕೆ ಗುರುತು ಹಾಕಿದರು.